ಓದುಗರ ಪ್ರಶ್ನೆ: ಇಂಗ್ಲಿಷಿನಲ್ಲಿ ಕಾಲೆಳೆದರೆ ಏನರ್ಥ?

ಪ್ರಶ್ನೆ: 'ಪುಲ್ಲಿಂಗ್ ಮೈ ಲೆಗ್' ಅಂದರೆ ನಮ್ಮ 'ಕಾಲೆಳೆಯುವುದು' ತಾನೆ?

ಉತ್ತರ: ಅರ್ಧ ಮಾತ್ರ ಹೌದು. ಕನ್ನಡದ ಕಾಲೆಳೆತಕ್ಕೆ ಎರಡು ಮುಖ: ತಮಾಷೆಗೆ ಛೇಡಿಸುವುದು ಒಂದು, ಮೇಲೇರುವವರನ್ನು ಕೆಳಕ್ಕೆ ಜಗ್ಗುವುದು ಇನ್ನೊಂದು. ಇಂಗ್ಲಿಷಿನಲ್ಲಿ ಇರುವುದು ಮೊದಲನೆಯದಷ್ಟೇ, ಅದರಲ್ಲೂ ಸುಳ್ಳನ್ನು ನಿಜವೆಂಬಂತೆ ನಂಬಿಸುವ ತಮಾಷೆ. 'ನನಗೆ ಬಡ್ತಿ ಸಿಗದಂತೆ ಸಹೋದ್ಯೋಗಿ ಕಾಲೆಳೆದ' ಎಂಬುದನ್ನು ಪದಕ್ಕೆ ಪದ ಇಟ್ಟು ಹೇಳಿದರೆ, ಆತ ಬಡ್ತಿಯ ಬಗ್ಗೆ ಏನೋ ತಮಾಷೆ ಮಾಡಿದನೆಂದು ಕೇಳುವವರು ತಿಳಿದಾರು. ಅಲ್ಲಿ 'ಅಂಡರ್‌ಮೈನ್' ಸರಿಯಾದ ಪದ.

ಪೂರ್ತಿ ಅಪರಿಚಿತ ನುಡಿಗಟ್ಟು ಕಂಡರೆ ನಿಘಂಟು ತೆರೆಯುತ್ತೇವೆ. ಪರಿಚಿತ ಮುಖ ಹೊತ್ತು ಬಂದದ್ದಕ್ಕೆ ತೆರೆಯುವುದಿಲ್ಲ, ಹೆಚ್ಚು ಎಡವುವುದು ಅಲ್ಲೇ. 'ಸೀ ಐ ಟು ಐ' ಅಂದರೆ ಪರಸ್ಪರ ದಿಟ್ಟಿಸುವುದಲ್ಲ, ಒಮ್ಮತವಿರುವುದು. 'ಬ್ರೇಕ್ ಎ ಲೆಗ್' ಶಾಪವೂ ಅಲ್ಲ. ರಂಗದ ಮೇಲೆ ಹೋಗುವವರಿಗೆ ಹೇಳುವ ಶುಭಹಾರೈಕೆ.

ಪ್ರಶ್ನೆ: ಓದುವಾಗ ನುಡಿಗಟ್ಟನ್ನು ಗುರುತಿಸುವುದು ಹೇಗೆ?

ಉತ್ತರ: ಒಂದು ಪದ ಬದಲಿಸಿ ನೋಡಿ. 'ಕಿಕ್ ದ ಬಕೆಟ್' ಅಂದರೆ ಸಾಯುವುದು. ಬಕೆಟ್ ತೆಗೆದು ಅದೇ ಅರ್ಥದ 'ಪೇಲ್' ಹಾಕಿದರೆ ಒದ್ದದ್ದು ಬರೀ ನೀರಿನ ಪಾತ್ರೆಗೆ. ಕರ್ಮಣಿಗೆ ತಿರುಗಿಸಿ 'ದ ಬಕೆಟ್ ವಾಸ್ ಕಿಕ್ಡ್' ಎಂದರೂ ಅಷ್ಟೇ, ಸಾವು ಮಾಯ. ಆದರೆ ಎಲ್ಲವೂ ಇಷ್ಟು ಬಿಗಿಯಲ್ಲ. ಗುಟ್ಟು ಹೊರಹಾಕುವ 'ಸ್ಪಿಲ್ ದ ಬೀನ್ಸ್' ಅನ್ನು 'ದ ಬೀನ್ಸ್ ವರ್ ಸ್ಪಿಲ್ಡ್' ಎಂದರೂ ಅರ್ಥ ಉಳಿಯುತ್ತದೆ. ಬೀನ್ಸ್ ಗುಟ್ಟಿಗೆ, ಚೆಲ್ಲುವುದು ಬಯಲು ಮಾಡುವುದಕ್ಕೆ ಬಿಡಿಬಿಡಿಯಾಗಿ ಹೊಂದುತ್ತವೆ. ಸಾವಿನಲ್ಲಿ ಬಕೆಟ್ಟಿಗೆ ಅಂಥ ಜೋಡಿ ಯಾವುದೂ ಇಲ್ಲ. ಅಂದಹಾಗೆ, ಬಕೆಟ್ಟಿನದು ತೀರ ಹಗುರ ಮಾತು. ಸಂತಾಪಪತ್ರದಲ್ಲಿ 'ಪಾಸ್ಡ್ ಅವೇ' ಎಂದೇ ಬರೆಯಿರಿ.

ಪ್ರಶ್ನೆ: ನಿರ್ಣಯವನ್ನು 'ಟೇಬಲ್' ಮಾಡಿದರು ಅಂದರೆ ಮಂಡಿಸಿದರೋ, ಬದಿಗಿಟ್ಟರೋ?

ಉತ್ತರ: ಬರೆದವರು ಬ್ರಿಟನ್ನಿನವರಾದರೆ ಚರ್ಚೆಗೆ ಮಂಡಿಸಿದರು, ಅಮೆರಿಕದವರಾದರೆ ಚರ್ಚೆಯನ್ನು ಮುಂದಕ್ಕೆ ಹಾಕಿದರು. ಎರಡನೇ ಮಹಾಯುದ್ಧದ ಸಮಯದಲ್ಲಿ ಎರಡೂ ದೇಶಗಳ ಅಧಿಕಾರಿಗಳು ಈ ಪದದ ಮೇಲೆ ಬಹಳ ಹೊತ್ತು ವಾದಿಸಿದ್ದನ್ನು ಚರ್ಚಿಲ್ ಬರೆದಿಟ್ಟಿದ್ದಾರೆ. ಇಬ್ಬರೂ ಬಯಸಿದ್ದು ಒಂದನ್ನೇ. ಎರಡೂ ಕಡೆಯವರು ಓದುವ ಪತ್ರವಾದರೆ 'ಪ್ರಪೋಸ್' ಅಥವಾ 'ಪೋಸ್ಟ್‌ಪೋನ್' ಬಳಸಿ.