ಇಂಜೆಕ್ಷನ್ ಆಮೇಲೆ, ತೂಕ ಏರಿದ್ದು ಯಾವಾಗ ಅಂತ ಮೊದಲು ಹೇಳಿ

ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿಗೆ ಬರುವ ಹುಡುಗ ಹುಡುಗಿಯರು ಈಗೀಗ ಕುರ್ಚಿಯಲ್ಲಿ ಕೂರುವ ಮೊದಲೇ ತೂಕ ಇಳಿಸುವ ಇಂಜೆಕ್ಷನ್ ಹೆಸರು ಹೇಳುತ್ತಾರೆ. ಈ ಸಲದ ಪತ್ರಗಳಲ್ಲೂ ಅದೇ ಜಾಸ್ತಿ. ಒಂದಕ್ಕೆ ಪೂರ್ತಿ ಉತ್ತರ ಬರೆಯುತ್ತೇನೆ.

ಪ್ರಶ್ನೆ: ನನಗೆ 24 ವರ್ಷ, ಊರು ಗದಗ. ಮೂರು ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಬಂದಾಗ 73 ಕೆಜಿ ಇದ್ದೆ, ಈಗ 91. ಎತ್ತರ 168 ಸೆಂ.ಮೀ. ನಾ ಅಷ್ಟೇನೂ ತಿನ್ನಂಗಿಲ್ರೀ ಸರ್. ಶೇಕ್ ಪುಡಿ ಕುಡಿದು ತಿಂಗಳಲ್ಲಿ 6 ಕೆಜಿ ಇಳಿದಿದ್ದೆ. ಬಿಟ್ಟ ಮೇಲೆ ಮತ್ತೆ ಬಂತು. ಥೈರಾಯ್ಡ್ ಇರಬಹುದಾ? ಇಂಜೆಕ್ಷನ್ ತಗೊಳ್ಳಲಾ?

ಉತ್ತರ: ತಮ್ಮಾ, ನೀನು ಸುಳ್ಳು ಹೇಳುತ್ತಿದ್ದೀಯ ಅಂತ ನಾನು ಅನ್ನುವುದಿಲ್ಲ. ಲೆಕ್ಕ ನೋಡು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಮೂರು ವರ್ಷದಲ್ಲಿ 18 ಕೆಜಿ ಅಂದರೆ ದಿನಕ್ಕೆ ಸರಾಸರಿ 130 ಕ್ಯಾಲೊರಿಯಷ್ಟು ಮೈಯಲ್ಲಿ ಉಳಿದಿದೆ. ಅದು ಒಂದು ದೊಡ್ಡ ಚಮಚ ಎಣ್ಣೆ, ಅಷ್ಟೇ. ಸಂಜೆ ಗಿರ್ಮಿಟ್ ಜೊತೆ ಎರಡು ಮಿರ್ಚಿ ತಿನ್ನುವಾಗ ಯಾರಿಗೂ ಅದು ಜಾಸ್ತಿ ಅನಿಸುವುದಿಲ್ಲ. ಓದುವಾಗಿನ ನಾಲ್ಕೈದು ಕಪ್ ಚಹಾದ ಸಕ್ಕರೆಯನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನೊಂದು ಕಡೆ ಕ್ಯಾಲೊರಿ ಖರ್ಚು ತಗ್ಗಿದೆ. ಊರಲ್ಲಿದ್ದಾಗಿನ ಓಡಾಟ ಇಲ್ಲ. ದಿನಕ್ಕೆ ಹತ್ತು ತಾಸು ಲೈಬ್ರರಿ ಕುರ್ಚಿ, ಮಲಗುವುದು ರಾತ್ರಿ ಎರಡಕ್ಕೆ. ನಿದ್ದೆ ಕಡಿಮೆಯಾದರೆ ಹಸಿವಿನ ಹಾರ್ಮೋನು ಏರುತ್ತದೆ, ಹೊಟ್ಟೆ ತುಂಬಿತು ಅನ್ನುವ ಹಾರ್ಮೋನು ಇಳಿಯುತ್ತದೆ. ಸಪ್ತಾಪುರದಿಂದ ಬರುವ ಎಷ್ಟೋ ಮಕ್ಕಳ ಕಥೆ ಇದೇ. ಇದು ಆಲಸ್ಯ ಅಲ್ಲ. ನಿನ್ನನ್ನು ಯಾರಾದರೂ ಹಾಗೆ ಹಂಗಿಸಿದ್ದರೆ ಅವರ ಮಾತು ತಪ್ಪು.

ನಿನ್ನ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 32. ನಮ್ಮ ದೇಶದವರಿಗೆ 25 ದಾಟಿದರೇ ಬೊಜ್ಜು. ಟೇಪು ಹಿಡಿದು ಸೊಂಟವನ್ನೂ ಅಳೆದುಕೋ. ಪ್ಯಾಂಟಿನ ಸೈಜು ನಂಬಬೇಡ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಫಿಟ್ಸಿಗೆ, ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದರೆ, ಸ್ಟಿರಾಯ್ಡ್ ತಗೊಂಡಿದ್ದರೆ ಅದನ್ನೂ ಹೇಳು. ಅವುಗಳಲ್ಲಿ ಕೆಲವು ತೂಕ ಏರಿಸುತ್ತವೆ. ಆದರೆ ಸುಮ್ನೆ ನೀನೇ ನಿಲ್ಲಿಸಬೇಡ.

ಥೈರಾಯ್ಡ್ ಒಮ್ಮೆ ಪರೀಕ್ಷೆ ಮಾಡಿಸು, ತಪ್ಪೇನಿಲ್ಲ. ಆದರೆ ಅದು ಕಡಿಮೆ ಇದ್ದರೂ ಸಾಮಾನ್ಯವಾಗಿ ಏರುವುದು ಎರಡರಿಂದ ನಾಲ್ಕು ಕೆಜಿ, ಅದರಲ್ಲೂ ಉಪ್ಪು ನೀರೇ ಜಾಸ್ತಿ. 18 ಕೆಜಿಯನ್ನು ಅದರ ತಲೆಗೆ ಕಟ್ಟಲಾಗದು. ಥೈರಾಯ್ಡ್ ಸರಿ ಇದ್ದವರು ತೂಕಕ್ಕಾಗಿ ಅದರ ಮಾತ್ರೆ ನುಂಗಿದರೆ ಎದೆಬಡಿತ ತಪ್ಪುತ್ತದೆ, ಎಲುಬು ಸವೆಯುತ್ತದೆ.

ಇನ್ನು ಪುಡಿ. ಊಟ ಬಿಟ್ಟು ಅದನ್ನು ಕುಡಿದರೆ ನೀರು ಹೋಗುತ್ತದೆ, ಮಾಂಸಖಂಡವೂ ಕರಗುತ್ತದೆ. ಅದಕ್ಕೇ ಬಿಟ್ಟ ಕೂಡಲೇ ತೂಕ ವಾಪಸ್ ಬಂತು. ಹಾವೇರಿ ಕಡೆಯ ಒಬ್ಬ ಹುಡುಗ ‘ಗಿಡಮೂಲಿಕೆ’ ಪುಡಿ ತಿಂದು, ಎದೆ ಡಬಡಬ ಅನ್ನುತ್ತಾ ನನ್ನ ಹತ್ತಿರ ಬಂದಿದ್ದ. ಬಿಪಿ ಏರಿತ್ತು. ಪಾಕೀಟಿನ ಮೇಲೆ ಏನು ಹಾಕಿದ್ದಾರೆ ಅಂತಲೇ ಬರೆದಿರಲಿಲ್ಲ. ಸಿಬುಟ್ರಮಿನ್ ಅನ್ನುವ ತೂಕ ಇಳಿಸುವ ಮಾತ್ರೆಯನ್ನು ಹೃದಯಕ್ಕೆ ಅಪಾಯ ಅಂತ ನಮ್ಮಲ್ಲಿ 2011ರಲ್ಲೇ ನಿಷೇಧಿಸಿದರು. ಇಂಥ ಪುಡಿಗಳಲ್ಲಿ ಅದನ್ನು ಕದ್ದು ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಬಿಪಿ ನೋಡದೆ, ಬೇರೆ ಕಾಯಿಲೆ ಕೇಳದೆ ಪುಡಿ ಮಾರುವವರು ನಿಮ್ಮ ಪ್ರಾಣದ ಜೊತೆ ಆಟವಾಡುತ್ತಿದ್ದಾರೆ. ನನಗೆ ಇದು ಸಹಿಸಲು ಆಗುವುದಿಲ್ಲ.

ಈಗ ಇಂಜೆಕ್ಷನ್. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಒಳ್ಳೆಯ ಔಷಧಿಗಳೇ. ಹಸಿವು ತಗ್ಗಿಸುತ್ತವೆ, ಹೊಟ್ಟೆ ನಿಧಾನ ಖಾಲಿಯಾಗುವಂತೆ ಮಾಡುತ್ತವೆ. ದೊಡ್ಡ ಅಧ್ಯಯನದಲ್ಲಿ ಸೆಮಾಗ್ಲುಟೈಡ್ 68 ವಾರದಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿಸಿತು. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿ ಬಂತು. ಅಂದರೆ ಬಿಪಿ ಮಾತ್ರೆಯಂತೆ ಇದು ದೀರ್ಘಕಾಲದ ಮದ್ದು. ಮೂರು ತಿಂಗಳ ಕೋರ್ಸ್ ಅಲ್ಲ. ವಾಕರಿಕೆ, ವಾಂತಿ ಸಾಮಾನ್ಯ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಊತವೂ ಆಗಬಹುದು. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಹೇಳಲೇಬೇಕು. ಅದರ ಒಂದು ಬಗೆಯಿದ್ದರೆ ಇದು ಕೂಡದು.

ಮೊದಲ ಭೇಟಿಯಲ್ಲೇ ನಾನು ಇದನ್ನು ಬರೆದುಕೊಡುವುದಿಲ್ಲ. ಬೇರೆ ವೈದ್ಯರು ಕೊಡಬಹುದು, ನಿನ್ನ ಬಿಎಂಐಗೆ ಅದು ತಪ್ಪೂ ಅಲ್ಲ. ನನ್ನ ಎಚ್ಚರ ನನಗೆ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಲಿವರ್ ಪರೀಕ್ಷೆ ಮಾಡಿಸಿಕೊಂಡು ಬಾ. ಸಕ್ಕರೆ ಅಥವಾ ಲಿವರ್ ಕೆಟ್ಟಿದ್ದರೆ ನಾನೂ ತಡಮಾಡುವುದಿಲ್ಲ. ಸರಿ ಇದ್ದರೆ ಮೂರು ತಿಂಗಳು ಹೀಗೆ ಮಾಡು. ಮೆಸ್ಸಿನಲ್ಲಿ ಅರ್ಧ ತಾಟು ಪಲ್ಯ, ಹಸಿ ತರಕಾರಿ ಇರಲಿ. ಕಾಳು ಅಥವಾ ಮೊಟ್ಟೆ ದಿನಾ ಇರಲಿ. ಚಹಾ ಎರಡೇ ಕಪ್. ಬೆಳಿಗ್ಗೆ ಕೆ.ಸಿ. ಪಾರ್ಕಿನಲ್ಲಿ ನಲವತ್ತು ನಿಮಿಷ ಬಿರುಸಾಗಿ ನಡೆ. ವಾರಕ್ಕೆ ಎರಡು ದಿನ ಬಸ್ಕಿ, ದಂಡ ಹೊಡಿ. ಏಳು ತಾಸು ನಿದ್ದೆ ಮಾಡು. ನಾಲ್ಕೈದು ಕೆಜಿ ಇಳಿದರೂ ಬಿಪಿ, ಸಕ್ಕರೆಗೆ ಒಳ್ಳೆಯದೇ.

ಪ್ರಶ್ನೆ: ಜೋಳದ ರೊಟ್ಟಿ ಎಷ್ಟು ತಿಂದರೂ ತೂಕ ಏರಲ್ಲ ಅಲ್ವಾ?

ಉತ್ತರ: ಏರುತ್ತದೆ. ಜೋಳದ ಹಿಟ್ಟಿಗೂ ಗೋಧಿ ಹಿಟ್ಟಿಗೂ ಕ್ಯಾಲೊರಿ ಹೆಚ್ಚೂಕಡಿಮೆ ಒಂದೇ.

ಪ್ರಶ್ನೆ: ಬಿಸಿನೀರು, ನಿಂಬೆ, ಜೇನು ಕುಡಿದರೆ ಕೊಬ್ಬು ಕರಗುತ್ತದಾ?

ಉತ್ತರ: ಇಲ್ಲ. ಜೇನೂ ಸಕ್ಕರೆಯೇ.

ಪ್ರಶ್ನೆ: ಮಗಳಿಗೆ 22 ವರ್ಷ. ಗಂಡು ನೋಡುತ್ತಿದ್ದೇವೆ. ಎರಡು ತಿಂಗಳಲ್ಲಿ 15 ಕೆಜಿ ಇಳಿಸುವುದು ಹೇಗೆ?

ಉತ್ತರ: ಇಳಿಸಬಾರದು ತಾಯಿ. ಅಷ್ಟು ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗಬಹುದು, ಕೂದಲು ಉದುರಬಹುದು. ತಿಂಗಳು ತಿಂಗಳು ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತ ಅವಳನ್ನು ಕೇಳಿ. ತಪ್ಪುತ್ತಿದ್ದರೆ ಪಿಸಿಒಎಸ್, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ, ಇದೆಯಾ ನೋಡಬೇಕು. ಅವಳನ್ನು ಕರೆದುಕೊಂಡು ಬನ್ನಿ. ಮೊದಲು ಹತ್ತು ನಿಮಿಷ ಅವಳೊಬ್ಬಳ ಜೊತೆ ಮಾತಾಡುತ್ತೇನೆ, ಆಮೇಲೆ ನೀವು ಒಳಗೆ ಬನ್ನಿ.