12 ಇದ್ದ ದಪ್ಪ 13.86 ಆಗಿದ್ದು ಯಾಕೆ

ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಮೂರು ವ್ಯೂ (ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಕಾಣುವ ನಕ್ಷೆಗಳು) ನೋಡಿಕೊಂಡು ಆಟೋಕ್ಯಾಡ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಎಲ್ ಬ್ರಾಕೆಟ್‌ನ (ಒಂದು ಅಡಿ ಪ್ಲೇಟು, ಅದರ ಮೇಲೆ ನಿಂತ ಪ್ಲೇಟು) ಐಸೊಮೆಟ್ರಿಕ್, ಅಂದರೆ ಮೂರು ಮುಖವೂ ಒಟ್ಟಿಗೆ ಕಾಣುವ ಓರೆ ಚಿತ್ರ, ಹಾಕಿದ್ದೀರಿ. ಅಡಿ ಪ್ಲೇಟಿಗೆ 12 ಕೊಟ್ಟರೂ ಅಳೆದರೆ 13.86 ಬರುತ್ತಿದೆ, ತೂತು ಸೊಟ್ಟಗೆ ಕೂತಿದೆ, ಡೈಮೆನ್ಷನ್‌ಗಳು ಚಿತ್ರಕ್ಕೂ ತಮಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ ನಿಂತಿವೆ. ಸಾಫ್ಟ್‌ವೇರ್ ಕೆಟ್ಟಿಲ್ಲ, ಸುಮ್ನೆ ಮತ್ತೆ ಇನ್‌ಸ್ಟಾಲ್ ಮಾಡೋಕೆ ಹೋಗಬೇಡಿ.

ಮೊದಲು ಆ 13.86. ನೀವು ಆಫ್‌ಸೆಟ್ (ಗೆರೆಗೆ ಸಮಾಂತರವಾಗಿ ಇನ್ನೊಂದು ಗೆರೆ ಹಾಕುವ ಕಮಾಂಡ್) ಬಳಸಿದ್ದೀರಿ, ಅಲ್ವಾ? ಆಫ್‌ಸೆಟ್ ಗೆರೆಗೆ ಲಂಬವಾಗಿ 12 ಅಳೆಯುತ್ತದೆ. ನಿಮ್ಮ ಗೆರೆ 30 ಡಿಗ್ರಿ ಓರೆ ಇದೆ, ನಿಮಗೆ ಬೇಕಾಗಿರುವುದು ನೇರ ಮೇಲಕ್ಕೆ 12. ಹನ್ನೆರಡನ್ನು ಕಾಸ್ 30ರಿಂದ ಭಾಗಿಸಿ ನೋಡಿ, ಸರಿಯಾಗಿ 13.86. ಐಸೊಮೆಟ್ರಿಕ್‌ನಲ್ಲಿ ಆಫ್‌ಸೆಟ್ ಮರೆತುಬಿಡಿ. ಎಫ್8 (ಗೆರೆಯನ್ನು ನಿಗದಿತ ದಿಕ್ಕಿಗೇ ಹಿಡಿದಿಡುವ ಕೀ) ಆನ್ ಮಾಡಿ, ಕಾಪಿ ಕಮಾಂಡ್ ಕೊಟ್ಟು, ಮೌಸನ್ನು ಬೇಕಾದ ದಿಕ್ಕಿಗೆ ಹಿಡಿದು 12 ಟೈಪ್ ಮಾಡಿ. ನಾನೂ ಕಲಿಯುವಾಗ ಇದನ್ನೇ ಮಾಡಿದ್ದೆ, ಒಂದು ಇಡೀ ಸ್ಟೂಲು ಬರೆದು ಮುಗಿಸಿದ ಮೇಲೆ ಕಾಲುಗಳೆಲ್ಲ ದಪ್ಪ ಆಗಿದ್ದು ಕಣ್ಣಿಗೆ ಬಿತ್ತು. ಮಿರರ್ ಕೂಡ ಹೀಗೆಯೇ ಕೈಕೊಡುತ್ತದೆ. 30 ಡಿಗ್ರಿಯ ಗೆರೆಯನ್ನು 150ಕ್ಕೆ ತಿರುಗಿಸಿ ಇಡುತ್ತದೆ.

ಈ ಚಿತ್ರದಲ್ಲಿ ಅಳತೆ ನಿಜವಾಗಿರುವುದು ಮೂರೇ ದಿಕ್ಕಿಗೆ: 30, 90, 150 ಡಿಗ್ರಿ. ಉಳಿದ ಯಾವ ಗೆರೆಯನ್ನೂ, ಯಾವ ಕೋನವನ್ನೂ ನೇರವಾಗಿ ಅಳೆದು ಹಾಕುವಂತಿಲ್ಲ. ನಿಮ್ಮ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇದರಿಂದಲೇ ಬಂದಿವೆ.

ಇನ್ನೊಂದು ತಪ್ಪನ್ನು ನೀವು ಕೇಳಿಲ್ಲ, ಆದರೆ ಅದೇ ದೊಡ್ಡದು. ನಿಂತ ಪ್ಲೇಟು ನಿಮ್ಮ ಚಿತ್ರದಲ್ಲಿ ಮುಂದೆ ಬಂದಿದೆ. ಅದು ಹಿಂದೆ ಇರಬೇಕು. ನೀವು ಹಾಕಿದ ಫೋಟೋದಲ್ಲಿ ಟಾಪ್ ವ್ಯೂ ಫ್ರಂಟ್ ವ್ಯೂನ ಕೆಳಗಿದೆ, ಅಂದರೆ ಫಸ್ಟ್ ಆಂಗಲ್ (ಪ್ರತಿ ವ್ಯೂವನ್ನೂ ನೋಡಿದ ಕಡೆಯ ಎದುರು ಬದಿಗೆ ಬರೆಯುವ ಪದ್ಧತಿ). ನಮ್ಮ ಬಿಐಎಸ್‌ನ (ಭಾರತೀಯ ಮಾನಕ ಸಂಸ್ಥೆ) ಡ್ರಾಯಿಂಗ್ ಕೈಪಿಡಿ ಎಸ್‌ಪಿ 46 ಹೇಳುವುದೂ ಅದನ್ನೇ. ಹಾಗಾದರೆ ಬಲಕ್ಕೆ ಬರೆದಿರುವುದು ಎಡಗಡೆಯಿಂದ ನೋಡಿದ ವ್ಯೂ. ಅದರಲ್ಲಿ ಫ್ರಂಟ್ ವ್ಯೂಗೆ ಹತ್ತಿರ ಇರುವ ಕಡೆ ವಸ್ತುವಿನ ಬೆನ್ನು. ನೀವು ಅಮೆರಿಕದವರ ಥರ್ಡ್ ಆಂಗಲ್ ವಿಡಿಯೋ ನೋಡಿ ಕಲಿತಿರಬೇಕು, ಅವರಲ್ಲಿ ಇದು ಉಲ್ಟಾ. ನಂಬಿಕೆ ಬರದಿದ್ದರೆ ಫ್ರಂಟ್ ವ್ಯೂನಲ್ಲಿ 12ರ ಎತ್ತರದಲ್ಲಿ ಅಡ್ಡ ಗೆರೆ ನೋಡಿ. ಗಟ್ಟಿ ಗೆರೆ ಇದೆ. ಪ್ಲೇಟು ಮುಂದೆ ನಿಂತಿದ್ದರೆ ಅಡಿ ಪ್ಲೇಟಿನ ಅಂಚು ಅದರ ಹಿಂದೆ ಮರೆಯಾಗಿ ತುಂಡು ತುಂಡು ಗೆರೆ ಬರಬೇಕಿತ್ತು.

ಈಗ ಹೊಸದಾಗಿ ಶುರು ಮಾಡಿ, ಇದ್ದದ್ದನ್ನು ತಿದ್ದುತ್ತಾ ಕೂರಬೇಡಿ. ಐಸೊಡ್ರಾಫ್ಟ್ (ಐಸೊಮೆಟ್ರಿಕ್ ಬರೆಯುವ ಮೋಡ್) ಆನ್ ಮಾಡಿ, ಹಳೇ ವರ್ಷನ್ ಆದರೆ ಸ್ನ್ಯಾಪ್‌ನ ಸ್ಟೈಲ್‌ನಲ್ಲಿ ಐಸೊಮೆಟ್ರಿಕ್ ಆರಿಸಿ. ಎಫ್5 ಒತ್ತಿದ ಹಾಗೆ ಎಡ, ಮೇಲೆ, ಬಲ ಅಂತ ಮುಖ ಬದಲಾಗುತ್ತದೆ. ಎಡದ ವ್ಯೂ ಕೊಟ್ಟಿರುವುದರಿಂದ ಮುಂದಿನ ಎಡ ಕೆಳಮೂಲೆಯನ್ನು ನಮಗೆ ಹತ್ತಿರ ಇಡಿ. ಅಲ್ಲಿಂದ ಬಲಕ್ಕೆ 80, ಎಡಕ್ಕೆ 50, ಮೇಲಕ್ಕೆ 60, ಬೇರೆ ಲೇಯರ್‌ನಲ್ಲಿ (ಬೇಡವಾದಾಗ ಮುಚ್ಚಿಡಬಹುದಾದ ಪದರ) ತೆಳು ಗೆರೆಯ ಡಬ್ಬ. ಡಬ್ಬದ ಎಡ ಮುಖದ ಮೇಲೆ ಎಲ್ ಆಕಾರ: ಮೇಲಕ್ಕೆ 12, ಹಿಂದಕ್ಕೆ 38, ಮೇಲಕ್ಕೆ 48, ಮತ್ತೆ ಹಿಂದಕ್ಕೆ 12. ಅದನ್ನು ಬಲಕ್ಕೆ 80 ಕಾಪಿ ಮಾಡಿ, ಮೂಲೆಗಳನ್ನು ಸೇರಿಸಿ, ಕಾಣದ ಗೆರೆ ಅಳಿಸಿ.

ನಿಂತ ಪ್ಲೇಟಿನ ಮೇಲಿನ ಬಲ ಮೂಲೆ 25 × 15 ಕತ್ತರಿಸಿದೆಯಲ್ಲ, ಆ ಓರೆಯ ಉದ್ದ ಲೆಕ್ಕ ಹಾಕಿ 29.15 ಅಂತ ಬರೆದಿದ್ದೀರಿ. ಲೆಕ್ಕ ಸರಿ, ಇಲ್ಲಿ ಕೆಲಸಕ್ಕೆ ಬಾರದು. ಮೂಲೆಯಿಂದ ಅಂಚಿನ ಗುಂಟ 25 ಬಂದು ಒಂದು ಚುಕ್ಕಿ, ಕೆಳಕ್ಕೆ 15 ಇಳಿದು ಇನ್ನೊಂದು, ಎರಡನ್ನೂ ಸೇರಿಸಿ. ಎಷ್ಟು ಉದ್ದ ಬಂತೋ ಅಷ್ಟೇ.

ತೂತಿನ ವಿಷಯ. ಎಫ್5ರಿಂದ ಬಲ ಮುಖಕ್ಕೆ ಬನ್ನಿ, ಎಲಿಪ್ಸ್ (ದೀರ್ಘವೃತ್ತ) ಕಮಾಂಡ್ ಕೊಡಿ, ಅದರಲ್ಲಿ ಐಸೊಸರ್ಕಲ್ (ಓರೆ ಮುಖದ ಮೇಲೆ ಕಾಣುವ ವೃತ್ತ) ಆರಿಸಿ. ಐಸೊಮೆಟ್ರಿಕ್ ಸ್ನ್ಯಾಪ್ ಆನ್ ಇಲ್ಲದಿದ್ದರೆ ಈ ಆಯ್ಕೆ ಕಾಣಿಸುವುದೇ ಇಲ್ಲ, ಬಹುಶಃ ಅದಕ್ಕೇ ನೀವು ಕಣ್ಣಂದಾಜಿನಲ್ಲಿ ಮೊಟ್ಟೆ ಎಳೆದಿದ್ದೀರಿ. ನಿಂತ ಪ್ಲೇಟಿನ ಮುಂಭಾಗದ ಎಡ ಬುಡದಿಂದ ಬಲಕ್ಕೆ 40, ಮೇಲಕ್ಕೆ 26 ಹೋದರೆ ಸೆಂಟರ್ (ಫ್ರಂಟ್ ವ್ಯೂನಲ್ಲಿ 38 ಇದೆ, ಅದರಲ್ಲಿ 12 ಅಡಿ ಪ್ಲೇಟಿನದು). ರೇಡಿಯಸ್ 12 ಕೊಡಿ. ಬಂದ ಆಕಾರವನ್ನು ಉದ್ದಕ್ಕೆ ಅಳೆದರೆ 29.39, ಅಗಲಕ್ಕೆ 16.97 ತೋರಿಸುತ್ತದೆ. ಗಾಬರಿ ಬೇಡ, 24ರ ತೂತು ಐಸೊಮೆಟ್ರಿಕ್‌ನಲ್ಲಿ ಹಾಗೆಯೇ ಕಾಣಬೇಕು. ಈಗ ಅದೇ ಎಲಿಪ್ಸನ್ನು 150ರ ದಿಕ್ಕಿಗೆ 12 ಕಾಪಿ ಮಾಡಿ, ಮೊದಲನೆಯದರ ಹೊರಗೆ ಬಂದದ್ದನ್ನು ಟ್ರಿಮ್ ಮಾಡಿ. ಒಳಗೆ ಕೆಳ ಬಲಕ್ಕೆ ಒಂದು ಸಣ್ಣ ಕಮಾನು ಉಳಿಯುತ್ತದೆ, ಅದೇ ತೂತಿನ ಹಿಂದಿನ ಅಂಚು. ಆ ಒಂದು ಗೆರೆ ಬಂದ ತಕ್ಷಣ ಪ್ಲೇಟಿಗೆ ದಪ್ಪ ಬಂದುಬಿಡುತ್ತದೆ, ನೋಡಿ ಬೇಕಾದರೆ. ಪ್ಲೇಟು 17 ಅಥವಾ ಜಾಸ್ತಿ ದಪ್ಪ ಇದ್ದಿದ್ದರೆ ಆ ಅಂಚು ಕಾಣುತ್ತಲೇ ಇರಲಿಲ್ಲ.

ಅಡಿ ಪ್ಲೇಟಿನ ಗುಂಡು ಮೂಲೆಗಳಿಗೆ ಫಿಲೆಟ್ (ಮೂಲೆ ಗುಂಡಾಗಿಸುವ ಕಮಾಂಡ್) ಬೇಡ, ಅದು ನಿಜವಾದ ವೃತ್ತದ ತುಂಡು ಹಾಕುತ್ತದೆ. ಅಲ್ಲಿಯೂ ಐಸೊಸರ್ಕಲ್, ಟ್ರಿಮ್.

ಡೈಮೆನ್ಷನ್‌ಗೆ ಲೀನಿಯರ್ (ಅಡ್ಡಕ್ಕೆ ಇಲ್ಲವೇ ಮೇಲಕ್ಕೆ ಮಾತ್ರ ಅಳೆಯುವುದು) ಮುಟ್ಟಬೇಡಿ, 80ನ್ನು 69.28 ಅನ್ನುತ್ತದೆ. ಅಲೈನ್ಡ್ (ಗೆರೆಯ ಗುಂಟ ಅಳೆಯುವುದು) ಹಾಕಿ, ಆಮೇಲೆ ಡಿಮ್‌ಎಡಿಟ್ ಕಮಾಂಡ್‌ನಲ್ಲಿ ಒಬ್ಲಿಕ್ (ವಾಲಿಸುವ ಆಯ್ಕೆ). ಅದು ಕೇಳುವ ಕೋನ ಅಂದರೆ ಎಕ್ಸ್‌ಟೆನ್ಷನ್ ಗೆರೆ (ವಸ್ತುವಿನಿಂದ ಅಳತೆಯ ಗೆರೆಗೆ ಎಳೆಯುವುದು) ಯಾವ ಕಡೆ ವಾಲಬೇಕು ಅನ್ನುವುದು. ಮುಂಭಾಗದ 80ಕ್ಕೆ 90, ಅದೇ ಮುಖದ ಎತ್ತರಕ್ಕೆ 30, ಎಡ ಮುಖದ ಎತ್ತರಕ್ಕೆ 150. ತೂತಿಗೆ ಡಯಾಮೀಟರ್ ಡೈಮೆನ್ಷನ್ ಹತ್ತುವುದಿಲ್ಲ, ಯಾಕೆಂದರೆ ಅದು ಎಲಿಪ್ಸ್. ಲೀಡರ್ (ಬಾಣದ ಗೆರೆ) ಎಳೆದು ಕೈಯಲ್ಲೇ 24 ಬರೆಯಿರಿ.

ಮೇಲಿನ ಕಾಮೆಂಟಿನಲ್ಲಿ ಒಬ್ಬರು "ಇಷ್ಟೆಲ್ಲ ಯಾಕೆ, 3ಡಿ ಮಾಡಿ ಫ್ಲಾಟ್‌ಶಾಟ್ ಹೊಡೆಯಿರಿ" ಅಂದಿದ್ದಾರೆ (ಫ್ಲಾಟ್‌ಶಾಟ್ ಅಂದರೆ 3ಡಿ ಮಾಡೆಲನ್ನು ಚಪ್ಪಟೆ ಚಿತ್ರ ಮಾಡುವ ಕಮಾಂಡ್). ಕೆಲಸದ ಜಾಗದಲ್ಲಿ ನಾನೂ ಅದನ್ನೇ ಮಾಡುತ್ತೇನೆ. ಆದರೆ ನಿಮ್ಮದು ಆಟೋಕ್ಯಾಡ್ ಎಲ್‌ಟಿ, ಅದರಲ್ಲಿ 3ಡಿ ಮಾಡೆಲಿಂಗ್ ಇಲ್ಲ. ಜೊತೆಗೆ ಫ್ಲಾಟ್‌ಶಾಟ್ ಕೊಡುವುದು ನಿಜವಾದ ಪ್ರೊಜೆಕ್ಷನ್, ಅದರಲ್ಲಿ 80 ಕುಗ್ಗಿ 65.32 ಆಗಿರುತ್ತದೆ. 1.2247ರಿಂದ ಸ್ಕೇಲ್ ಮಾಡದೆ ಡೈಮೆನ್ಷನ್ ಹಾಕಿದರೆ ಇದೇ ಪ್ರಶ್ನೆ ಹಿಡಿದು ಮತ್ತೆ ಇಲ್ಲಿಗೆ ಬರುತ್ತೀರಿ.

ಮುಗಿದ ಮೇಲೆ ಡಬ್ಬದ ಲೇಯರ್ ಆಫ್ ಮಾಡಿ ಪಿಡಿಎಫ್ ಹಾಕಿ. ಮಾನಿಟರ್‌ಗೆ ಮೊಬೈಲ್ ಹಿಡಿದು ತೆಗೆದ ಫೋಟೋ ಬೇಡ, ಹೋದ ಸಲ ಟ್ಯೂಬ್‌ಲೈಟ್ ಮಾತ್ರ ಚೆನ್ನಾಗಿ ಕಾಣಿಸಿತು.