ಅಮೆರಿಕದ ಬುಡಕಟ್ಟು ಪೊಲೀಸರು ಕಲಿಯುವುದು ಏನನ್ನು?

ಪ್ರಶ್ನೆ: ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳಿಗೆ ಸ್ವಂತ ಪೊಲೀಸ್, ಸ್ವಂತ ಕೋರ್ಟ್ ಇದೆಯಂತೆ. ನಿಜಾನಾ? ಅವರಿಗೆ ತರಬೇತಿ ಕೊಡುವವರು ಯಾರು? ಓಟ, ಬಂದೂಕು ಅಷ್ಟೇನಾ?
— ಕಾನೂನು ವಿದ್ಯಾರ್ಥಿನಿ

ಉತ್ತರ: ನಿಜ. ಅಲ್ಲಿನ ಕೇಂದ್ರ ಸರ್ಕಾರದ ಮಾನ್ಯತೆ ಪಡೆದ ಬುಡಕಟ್ಟುಗಳು 570ಕ್ಕೂ ಜಾಸ್ತಿ. ಎಲ್ಲರಿಗೂ ಸ್ವಂತ ಪೊಲೀಸ್ ಇಲ್ಲ, ಇರುವವರಲ್ಲಿ ಹಲವರು ನ್ಯೂ ಮೆಕ್ಸಿಕೋದ ಆರ್ಟೀಸಿಯಾದಲ್ಲಿರುವ ಇಂಡಿಯನ್ ಪೊಲೀಸ್ ಅಕಾಡೆಮಿಗೆ ಹೋಗಿ ಕಲಿಯುತ್ತಾರೆ.

ಓಟ, ಬಂದೂಕು ಇದ್ದೇ ಇದೆ. ನಿಜವಾದ ತಲೆನೋವು ಬೇರೆ: ಈ ಕೇಸು ಯಾರದ್ದು? ರಿಸರ್ವೇಷನ್ (ಅಲ್ಲಿ ಆ ಮಾತಿಗೆ ಬುಡಕಟ್ಟಿನ ನೆಲ ಅಂತ ಅರ್ಥ, ಸೀಟು ಅಲ್ಲ) ಒಳಗೆ ಜಗಳ ಆದರೆ ಆರೋಪಿ ಬುಡಕಟ್ಟಿನವನಾ, ಏಟು ತಿಂದವರು ಯಾರು, ಅಪರಾಧ ಎಷ್ಟು ದೊಡ್ಡದು, ಎಲ್ಲವನ್ನೂ ನೋಡಬೇಕು. ಕೊಲೆಯಂಥ ಕೇಸುಗಳನ್ನು 1885ರ ಕಾನೂನು ಕೇಂದ್ರದ ಕೋರ್ಟಿಗೂ ಒಯ್ದಿತು. ಹೊರಗಿನವರನ್ನು (ಅಂದರೆ ಮೂಲನಿವಾಸಿಗಳಲ್ಲದವರನ್ನು) ಬುಡಕಟ್ಟು ಕೋರ್ಟು ಕ್ರಿಮಿನಲ್ ವಿಚಾರಣೆ ಮಾಡುವ ಹಾಗಿಲ್ಲ ಅಂತ 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ಅಂದರೆ ಹೊರಗಿನ ಗಂಡ ಮನೆಯೊಳಗೇ ಹೆಂಡತಿಗೆ ಹೊಡೆದರೂ ಅವಳ ಊರಿನ ಕೋರ್ಟು ಕೈಕಟ್ಟಿ ಕೂರಬೇಕಿತ್ತು! 2013ರ ಕಾನೂನು ಇದನ್ನು ಸ್ವಲ್ಪ ಸರಿಮಾಡಿತು, 2022ರದ್ದು ಲೈಂಗಿಕ ಹಿಂಸೆ, ಮಕ್ಕಳ ಮೇಲಿನ ಹಿಂಸೆಯನ್ನೂ ಸೇರಿಸಿತು.

ಮೊಂಟಾನಾ ರಾಜ್ಯದ ಕ್ರೋ ಬುಡಕಟ್ಟಿನ ರಿಸರ್ವೇಷನ್ನಿನಲ್ಲಿ 2016ರಲ್ಲಿ ನಡೆದದ್ದು ನೋಡಿ. ನಡುರಾತ್ರಿ ಹೆದ್ದಾರಿ ಪಕ್ಕ ಟ್ರಕ್ ನಿಂತಿದೆ, ಏನೋ ತೊಂದರೆ ಇರಬೇಕು ಅಂತ ಬುಡಕಟ್ಟಿನ ಪೊಲೀಸ್ ಹೋಗಿ ನೋಡಿದರೆ ಚಾಲಕನ ಕಣ್ಣು ಕೆಂಪಾಗಿದೆ, ಸೀಟಿನ ಮೇಲೆ ಎರಡು ರೈಫಲ್, ಜೊತೆಗೊಂದು ಪುಟ್ಟ ಮಗು. ಚಾಲಕ ಹೊರಗಿನವನು. ತಡೆದು ನಿಲ್ಲಿಸಬಹುದಾ, ಟ್ರಕ್ ತಡಕಬಹುದಾ? ಕೆಳಗಿನ ಕೋರ್ಟುಗಳು ಪೊಲೀಸ್ ಮಾಡಿದ್ದು ತಪ್ಪು ಅಂದವು. ಸ್ವಲ್ಪ ಹೊತ್ತು ತಡೆದು ಶೋಧಿಸಬಹುದು ಅಂತ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿದ್ದು 2021ರಲ್ಲಿ. ರಸ್ತೆ ಬದಿ ಅರೆಗಳಿಗೆಯಲ್ಲಿ ತೀರ್ಮಾನಿಸಿದ್ದಕ್ಕೆ ಐದು ವರ್ಷ!

ಕೋರ್ಟುಗಳ ಕತೆಯಲ್ಲಿ ದುಡ್ಡೇ ಮುಖ್ಯ. ಒಂದು ಅಪರಾಧಕ್ಕೆ 1 ವರ್ಷದ ಬದಲು 3 ವರ್ಷದವರೆಗೆ ಜೈಲು ಕೊಡಲು 2010ರ ಕಾನೂನು ಬುಡಕಟ್ಟು ಕೋರ್ಟುಗಳಿಗೆ ಅವಕಾಶ ಕೊಟ್ಟಿತು, ಆದರೆ ಬಡ ಆರೋಪಿಗೆ ಬುಡಕಟ್ಟೇ ವಕೀಲರನ್ನು ಕೊಡಬೇಕು, ಕಾನೂನು ಓದಿದ ಜಡ್ಜ್ ಇರಬೇಕು. ಸಣ್ಣ ಬುಡಕಟ್ಟಿಗೆ ಇದು ಸುಮ್ನೆ ಆಗುವ ಮಾತಲ್ಲ ಅಲ್ವಾ? ನ್ಯಾಯ ಇಲಾಖೆಯ ಅನುದಾನ ಇದೆ ನಿಜ, ಅದಕ್ಕೆ ಅರ್ಜಿ ಬರೆಯುವುದೇ ಒಂದು ಉದ್ಯೋಗ.

ನನ್ನ ಲೆಕ್ಕದಲ್ಲಿ ಒಳ್ಳೆಯ ಸಹಾಯ ಅಂದರೆ 2015ರಲ್ಲಿ ಶುರುವಾದ ಕಂಪ್ಯೂಟರ್ ಯೋಜನೆ. ದೇಶದ ಅಪರಾಧ ದಾಖಲೆಗಳನ್ನು ಬುಡಕಟ್ಟುಗಳೇ ನೇರವಾಗಿ ನೋಡಬಹುದು, ತಮ್ಮದನ್ನೂ ಸೇರಿಸಬಹುದು. ಗಂಡ ಹತ್ತಿರ ಬರಬಾರದು ಅಂತ ಬುಡಕಟ್ಟು ಕೋರ್ಟು ಬರೆದ ಆದೇಶ ಬರೀ ಕಡತದಲ್ಲಿ ಉಳಿಯದೆ, ಪಕ್ಕದ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಪೊಲೀಸರಿಗೂ ಪರದೆ ಮೇಲೆ ಕಾಣುತ್ತದೆ.